ಗಾಳಿಯಿಲ್ಲದ ಕೆಸರಿನಲ್ಲಿ ಭತ್ತದ ಮೊಳಕೆ

ದಾವಣಗೆರೆಯ ಮಂಡಿಪೇಟೆಯ ಅಂಗಡಿಗಳಲ್ಲಿ ಮೂಟೆಮೂಟೆಯಾಗಿ ಪೇರಿಸಿಟ್ಟಿರುವ ಅಕ್ಕಿಗೂ, ಅದೇ ಅಕ್ಕಿಯನ್ನು ಹೊಟ್ಟಿನೊಳಗೆ ಹುದುಗಿಸಿಕೊಂಡು ರೈತರ ಮನೆಯ ಅಟ್ಟದ ಮೇಲೆ ಬಿತ್ತನೆಯ ಕಾಲವನ್ನು ನಿರೀಕ್ಷಿಸುತ್ತಿರುವ ಭತ್ತಕ್ಕೂ ಇರುವ ಅಂತರವು ಬರಿಯ ಸಿಪ್ಪೆಯ ಅಂತರವೆಂದು ತಿಳಿಯಲಾಗದು. ಗಿರಣಿಯಲ್ಲಿ ಹೊಟ್ಟು ಕಳಚಿ, ತೌಡು ಉಜ್ಜಿ, ಕಾಳು ಬೆಳ್ಳಗಾಗುವ ವೇಳೆಗೆ ಅದರ ಒಂದು ಮೂಲೆಯಲ್ಲಿ ಅಂಟಿಕೊಂಡಿದ್ದ ಅತ್ಯಲ್ಪ ಗಾತ್ರದ ಭ್ರೂಣವೂ ತೌಡಿನೊಡನೆ ಹೊರಟುಹೋಗಿರುತ್ತದೆ. ಆದುದರಿಂದ ಅಂಗಡಿಯ ಅಕ್ಕಿ ಆಹಾರವೇ ಹೊರತು ಬೀಜವಾಗಲಾರದು. ಭತ್ತವಾದರೋ ಸಜೀವ ವಸ್ತು. ಸಜೀವವಾದುದರಿಂದ ಅದಕ್ಕೆ ಶ್ವಾಸೋಚ್ಛ್ವಾಸವುಂಟು. ಶ್ವಾಸೋಚ್ಛ್ವಾಸವುಂಟಾದುದರಿಂದ ಪ್ರಾಣವಾಯುವಿನ ಅಪೇಕ್ಷೆಯೂ ಉಂಟು. ಹೀಗಿರುವಲ್ಲಿ, ಭದ್ರಾ ನಾಲೆಯ ನೀರು ನಿಂತ ಮಡಿಯ ತಳದಲ್ಲಿ, ಗಾಳಿಯ ಸುಳಿವೇ ಇಲ್ಲದ ಕೆಸರಿನಲ್ಲಿ ಹೂತುಕೊಂಡಿದ್ದೂ ಈ ಬೀಜ ಮೊಳೆತು ಮೇಲಕ್ಕೆ ಬರುವುದು ಹೇಗೆ ಎಂಬುದು, ಹರಿಹರ ಮಲೇಬೆನ್ನೂರುಗಳ ಗದ್ದೆಯ ಬದುವಿನ ಮೇಲೆ ಒಂದು ಗಳಿಗೆ ನಿಂತು ನೋಡಿದ ಯಾರಿಗಾದರೂ ಹುಟ್ಟಬೇಕಾದ ಪ್ರಶ್ನೆ.

ಬೀಜ ಮೊಳೆಯಬೇಕಾದರೆ ನೀರು, ಹದವಾದ ಶಾಖ, ಗಾಳಿ ಈ ಮೂರೂ ಕೂಡಿಬರಬೇಕೆಂದು ನಮ್ಮ ಶಾಲೆಯ ಪುಸ್ತಕಗಳು ಹೇಳುತ್ತವೆ, ಮತ್ತು ಬಹುತೇಕ ಬೀಜಗಳ ವಿಷಯದಲ್ಲಿ ಆ ಮಾತು ಅಕ್ಷರಶಃ ಸತ್ಯ. ಜಗಳೂರು ಕಡೆಯ ಹೊಲದಲ್ಲಿ ಮೆಕ್ಕೆಜೋಳ ಬಿತ್ತಿದ ಬೆನ್ನಿಗೇ ಬಿರುಮಳೆ ಸುರಿದು, ನೀರು ಹರಿದುಹೋಗದೆ ಕೆಲವು ದಿನ ನಿಂತಿತೆಂದರೆ ಬಿತ್ತಿದ ಬೀಜದ ಬಹುಭಾಗ ಮಣ್ಣಿನಲ್ಲಿಯೇ ಕೊಳೆತುಹೋಗುತ್ತದೆ. ರೈತರು ಮತ್ತೆ ಕೂರಿಗೆ ಹೂಡಬೇಕಾಗುತ್ತದೆ. ಗೋಧಿಯದೂ ಇದೇ ಗತಿ, ಬಾರ್ಲಿಯದೂ ಇದೇ ಗತಿ. ಅದೇ ದಾವಣಗೆರೆ ಜಿಲ್ಲೆಯ ಇನ್ನೊಂದು ಪಾರ್ಶ್ವದಲ್ಲಿ, ಅದೇ ಹುಲ್ಲಿನ ಕುಟುಂಬಕ್ಕೆ ಸೇರಿದ ಭತ್ತ ಮಾತ್ರ ನೀರಿನಡಿಯಲ್ಲಿ ಕಣ್ಣು ಬಿಡುತ್ತದೆ.

ನೀರಿನಲ್ಲಿಯೂ ಗಾಳಿ ಕರಗಿರುವುದಷ್ಟೆ, ಮೀನುಗಳು ಬದುಕುವುದು ಅದರಿಂದಲೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಕರಗಿರುವುದು ನಿಜ, ಆದರೆ ಎಷ್ಟು? ಒಂದು ಲೀಟರು ಗಾಳಿಯಲ್ಲಿ ಹೆಚ್ಚುಕಡಿಮೆ 270 ಮಿಲಿಗ್ರಾಂ ಪ್ರಾಣವಾಯು ಇರುವಲ್ಲಿ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರು ನೀರಿನಲ್ಲಿ ಕರಗಿರಬಲ್ಲುದು ಸುಮಾರು 8 ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಂತೆಲ್ಲ ಅದೂ ಇಳಿಯುತ್ತದೆ. ಇದಕ್ಕಿಂತ ದೊಡ್ಡ ತೊಡಕು ಚಲನೆಯದು. ಗಾಳಿಯಲ್ಲಿ ಪ್ರಾಣವಾಯು ಹರಡುವ ವೇಗಕ್ಕೆ ಹೋಲಿಸಿದರೆ ನಿಂತ ನೀರಿನಲ್ಲಿ ಅದು ಹರಡುವ ವೇಗ ಹತ್ತು ಸಾವಿರ ಪಾಲು ಕಡಿಮೆ. ಬೀಜವು ತನ್ನ ಸುತ್ತಣ ನೀರಿನಲ್ಲಿದ್ದ ಅಷ್ಟಿಷ್ಟನ್ನು ಉಸಿರಾಡಿ ಮುಗಿಸಿದ ಬಳಿಕ ಆ ಬರಿದಾದ ಜಾಗಕ್ಕೆ ಮೇಲಿನಿಂದ ಹೊಸದು ಬಂದು ತುಂಬುವುದು ಅತಿ ನಿಧಾನ. ಇನ್ನು ಕೆಸರಿನೊಳಗಣ ಸ್ಥಿತಿಯನ್ನಂತೂ ಕೇಳಲೇಬೇಕಿಲ್ಲ. ಉತ್ತು, ನೀರು ಕಟ್ಟಿ, ಕಲಸಿದ ಮಣ್ಣಿನಲ್ಲಿರುವ ಅಸಂಖ್ಯಾತ ಸೂಕ್ಷ್ಮಜೀವಿಗಳು ಅಲ್ಲಿ ಉಳಿದಿದ್ದ ಪ್ರಾಣವಾಯುವನ್ನು ಅಲ್ಪಕಾಲದಲ್ಲಿಯೇ ತೀರಿಸಿಬಿಡುತ್ತವೆ. ತರುವಾಯ ನೈಟ್ರೇಟು, ಮ್ಯಾಂಗನೀಸು, ಕಬ್ಬಿಣ, ಗಂಧಕದ ಸಂಯುಕ್ತಗಳನ್ನು ಒಂದಾದ ಮೇಲೊಂದರಂತೆ ತಮ್ಮ ಜೀವನಕ್ಕೆ ಬಳಸಿಕೊಂಡು, ಕೊನೆಗೆ ಮೀಥೇನ್ ಅನಿಲವನ್ನು ಹುಟ್ಟಿಸುವ ಹಂತಕ್ಕೆ ಬಂದು ನಿಲ್ಲುತ್ತವೆ. ನಾಟಿಯ ಗದ್ದೆಗೆ ಕಾಲಿಟ್ಟಾಗ ಗುಳುಗುಳು ಎಂದು ಏಳುವ ಗುಳ್ಳೆಗಳಲ್ಲಿ ಬಹುಪಾಲು ಆ ಅನಿಲವೇ. ಮೇಲ್ಮೈಯ ಕೆಲವೇ ಮಿಲಿಮೀಟರು ದಪ್ಪದ ಪದರವನ್ನು ಬಿಟ್ಟರೆ ಗದ್ದೆಯ ಕೆಸರೆಂಬುದು ಪ್ರಾಣವಾಯುರಹಿತವಾದ ಒಂದು ಲೋಕ.

ನಮ್ಮ ರೈತರು ಈ ವಿಷಯವನ್ನು ರಸಾಯನಶಾಸ್ತ್ರದ ಮಾತುಗಳಲ್ಲಿ ಅರಿತಿರದಿದ್ದರೂ ಕೈಯ ಅನುಭವದಿಂದ ಬಲ್ಲವರೇ ಆಗಿದ್ದಾರೆ. ಬಿತ್ತನೆಯ ಭತ್ತವನ್ನು ಮೊದಲು ಉಪ್ಪುನೀರಿನಲ್ಲಿ ಹಾಕಿ, ತೇಲಿದ ಜೊಳ್ಳನ್ನು ತೆಗೆದು, ಮುಳುಗಿದ ಗಟ್ಟಿ ಕಾಳನ್ನು ತೊಳೆದು ಉಳಿಸಿಕೊಳ್ಳುತ್ತಾರೆ. ಅದನ್ನು ಗೋಣಿಚೀಲಕ್ಕೆ ತುಂಬಿ ಒಂದು ದಿನ ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಅನಂತರ ಮೇಲೆತ್ತಿ ನೀರು ಬಸಿದು, ನೆರಳಿನಲ್ಲಿ ಹುಲ್ಲು ಮುಚ್ಚಿ, ಆಗಾಗ ನೀರು ಚಿಮುಕಿಸುತ್ತ ಮೊಳಕೆ ಕಟ್ಟುತ್ತಾರೆ. ಬೆಳ್ಳನೆಯ ಮೊಳಕೆ ಇಣುಕಿದ ಮೇಲೆ ಸಸಿಮಡಿಗೆ ಚೆಲ್ಲುವುದು ರೂಢಿ. ನೀರಿನಿಂದ ಮೇಲೆತ್ತುವ ಈ ಕ್ರಮದಲ್ಲಿಯೇ ಒಂದು ದೊಡ್ಡ ವಿವೇಕವಿದೆ. ನೆನೆಯುವಾಗ ನೀರು ಹೀರಿದ ಬೀಜಕ್ಕೆ ಬೆಳವಣಿಗೆಯ ಆರಂಭದಲ್ಲಿ ಗಾಳಿ ಸಿಗಲೆಂಬುದೇ ಅದರ ಅರ್ಥ. ಚೀಲವನ್ನು ಮರೆತು ಬಹಳ ಹೊತ್ತು ನೀರಿನಲ್ಲಿಯೇ ಬಿಟ್ಟರೆ ಹುಳಿಯಾದ, ಹೆಂಡದಂತಹ ಒಂದು ವಾಸನೆ ಹೊರಡುವುದುಂಟು. ಅದರಲ್ಲಿ ಸೂಕ್ಷ್ಮಜೀವಿಗಳ ಪಾಲು ಇರುವುದಾದರೂ ಬೀಜದ ಸ್ವಂತ ಪಾಲೂ ಇದೆಯೆಂಬುದು ಸೋಜಿಗದ ಸಂಗತಿ, ಮತ್ತು ಈ ಲೇಖನದ ಹೃದಯವೇ ಅದು.

ಭತ್ತದ ಕಾಳಿನ ಬಹುಭಾಗ ಪಿಷ್ಟ. ಬೀಜದೊಳಗಣ ಭ್ರೂಣಕ್ಕೆ ತಾಯಿ ಕೊಟ್ಟು ಕಳಿಸಿದ ಬುತ್ತಿ ಅದು. ಆದರೆ ಪಿಷ್ಟವನ್ನು ಪಿಷ್ಟವಾಗಿಯೇ ಭ್ರೂಣ ಉಣ್ಣಲಾರದು, ಅದನ್ನು ಒಡೆದು ಶರ್ಕರವಾಗಿಸಬೇಕು. ಹಾಗೆ ಒಡೆಯುವ ಕಿಣ್ವಕ್ಕೆ ಆಲ್ಫಾ ಅಮೈಲೇಸ್ ಎಂದು ಹೆಸರು. ಗಾಳಿಯಲ್ಲಿ ಮೊಳೆಯುವ ಎಲ್ಲ ಧಾನ್ಯಗಳೂ ಈ ಕಿಣ್ವವನ್ನು ತಯಾರಿಸುತ್ತವೆ. ಪ್ರಾಣವಾಯುವನ್ನು ಪೂರ್ಣವಾಗಿ ತೆಗೆದುಬಿಟ್ಟಾಗ ಏನಾಗುತ್ತದೆಂಬುದನ್ನು ಇಟಲಿಯ ಪಿಯರ್‌ದೊಮೆನಿಕೊ ಪೆರಾಟಾ ಮತ್ತು ಅವರ ಸಹೋದ್ಯೋಗಿಗಳು 1992ರಲ್ಲಿ ಭತ್ತ ಗೋಧಿಗಳೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿ ತಿಳಿಸಿದರು. ಗೋಧಿಯಲ್ಲಿ ಪಿಷ್ಟ ಒಡೆಯುವ ಕಾರ್ಯವೇ ನಡೆಯಲಿಲ್ಲ, ಭತ್ತದಲ್ಲಿ ನಡೆಯಿತು. ತುಂಬಿದ ಕಣಜವನ್ನು ಮನೆಯಲ್ಲಿಟ್ಟುಕೊಂಡೂ ಬೀಗದ ಕೈ ಕಾಣದೆ ಉಪವಾಸ ಬಿದ್ದ ಗೃಹಸ್ಥನಂತೆ ಗೋಧಿಯ ಭ್ರೂಣ ನೀರಿನಡಿಯಲ್ಲಿ ಹಸಿವಿನಿಂದ ಸಾಯುತ್ತದೆ. ಭತ್ತದ ಬಳಿ ಅಂಥ ಸಂಕಟಕಾಲಕ್ಕೆಂದೇ ಎರಡನೆಯದೊಂದು ಬೀಗದ ಕೈ ಇದೆ. ಮುಳುಗಿದ ಬೀಜ ಉಸಿರುಕಟ್ಟಿ ಸಾಯುತ್ತದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಉಸಿರಿನ ಕೊರತೆಗಿಂತ ಅನ್ನದ ಕೊರತೆಯೇ ಮೊದಲು ಅದನ್ನು ಕೊಲ್ಲುವುದೆಂಬ ಈ ತಿಳಿವಳಿಕೆ ನನಗೆ ಈ ಇಡೀ ಶಾಸ್ತ್ರದಲ್ಲಿಯೇ ಅತ್ಯಂತ ಬೆಲೆಯುಳ್ಳದ್ದಾಗಿ ತೋರುತ್ತದೆ.

ಆ ಎರಡನೆಯ ಬೀಗದ ಕೈ ಭತ್ತಕ್ಕೆ ದೊರೆತದ್ದು ಹೇಗೆ? ಭತ್ತದ ವಂಶವಾಹಿಗಳಲ್ಲಿ ಆಲ್ಫಾ ಅಮೈಲೇಸನ್ನು ಹುಟ್ಟಿಸತಕ್ಕವು ಹಲವು. ಅವುಗಳಲ್ಲಿ ಕೆಲವು ಗಾಳಿಯುಳ್ಳ ಸ್ಥಿತಿಯಲ್ಲಿ, ಗಿಬ್ಬರೆಲಿನ್ ಎಂಬ ಸಸ್ಯಚೋದಕದ ಆಜ್ಞೆಯಂತೆ ನಡೆಯತಕ್ಕವು. ಮತ್ತೊಂದು ಮಾತ್ರ ಹಸಿವೆಯ ಆಜ್ಞೆಯನ್ನು ಪಾಲಿಸುತ್ತದೆ. ಕೋಶದಲ್ಲಿ ಶರ್ಕರ ತೀರಿಹೋಯಿತೆಂಬ ಸುದ್ದಿ ಮುಟ್ಟಿದೊಡನೆ ಅದು ಎಚ್ಚೆತ್ತು, ಪ್ರಾಣವಾಯು ಇರಲಿ ಬಿಡಲಿ, ಕಿಣ್ವವನ್ನು ತಯಾರಿಸತೊಡಗುತ್ತದೆ. ಪ್ರಾಣವಾಯುವಿನ ಕೊರತೆಯ ಸುದ್ದಿಯನ್ನು ಹಸಿವೆಯ ಸುದ್ದಿಯೊಡನೆ ಬೆಸೆಯುವ ಒಂದು ಮಧ್ಯವರ್ತಿ ಪ್ರೋಟೀನನ್ನು ತೈವಾನಿನ ಅಕಾಡೆಮಿಯಾ ಸಿನಿಕಾದ ವಿಜ್ಞಾನಿಗಳು 2009ರಲ್ಲಿ ಗುರುತಿಸಿದರು, ಸಿ.ಐ.ಪಿ.ಕೆ.15 ಎಂದು ಅದನ್ನು ಕರೆಯುತ್ತಾರೆ. ಅದು ಕೆಟ್ಟ ಭತ್ತದ ಬೀಜ ನೀರಿನಡಿಯಲ್ಲಿ ಸರಿಯಾಗಿ ಮೊಳೆಯಲಾರದು.

ಎಲ್ಲ ಭತ್ತವೂ ಈ ವಿದ್ಯೆಯಲ್ಲಿ ಸಮಾನವೆಂದು ಭಾವಿಸುವುದು ತಪ್ಪಾದೀತು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು 8,000ಕ್ಕೂ ಮಿಕ್ಕ ತಳಿಗಳನ್ನು ಈ ಒಂದು ಗುಣಕ್ಕಾಗಿ ಶೋಧಿಸಿದಾಗ ಬಿತ್ತಿದ ಮೇಲೆ ನೀರು ನಿಂತರೂ ಚೆನ್ನಾಗಿ ಮೇಲೆದ್ದು ಬಂದವು ಬೆರಳೆಣಿಕೆಯಷ್ಟು ಮಾತ್ರ. ಅಂಥವುಗಳಲ್ಲೊಂದು ಮ್ಯಾನ್ಮಾರಿನ ನಾಡತಳಿ ಖಾವ್ ಹ್ಲಾನ್ ಆನ್. ಅದರ ಸಾಮರ್ಥ್ಯದ ಮೂಲವನ್ನು ಹುಡುಕುತ್ತ ಹೋದವರಿಗೆ 2015ರಲ್ಲಿ ಸಿಕ್ಕಿದ್ದು ಟಿ.ಪಿ.ಪಿ.7 ಎಂಬ ವಂಶವಾಹಿ. ಸಸ್ಯದ ಕೋಶದಲ್ಲಿ ಟ್ರೆಹಲೋಸ್-6-ಫಾಸ್ಫೇಟ್ ಎಂಬ ಪದಾರ್ಥ ಹೆಚ್ಚಿದ್ದರೆ, ಇಲ್ಲಿ ಶರ್ಕರ ಯಥೇಚ್ಛವಾಗಿದೆಯೆಂಬ ಸಂದೇಶ ಹೋಗುತ್ತದೆ, ಪಿಷ್ಟವನ್ನು ಒಡೆಯುವ ಕೆಲಸ ನಿಧಾನವಾಗುತ್ತದೆ, ಟಿ.ಪಿ.ಪಿ.7ರ ಕಾರ್ಯವೆಂದರೆ ಆ ಪದಾರ್ಥವನ್ನು ಬೇರೆ ರೂಪಕ್ಕೆ ತಿರುಗಿಸಿ, ತೃಪ್ತಿಯ ಆ ಸಂದೇಶವನ್ನು ಅಳಿಸುವುದು. ಹೀಗಾಗಿ ಕೋಶವು ಸದಾ ಹಸಿದಂತೆಯೇ ವರ್ತಿಸುತ್ತದೆ, ಪಿಷ್ಟ ಒಂದೇ ಸಮನೆ ಒಡೆಯುತ್ತ ಶರ್ಕರವಾಗಿ ಎಳೆಯ ಮೊಳಕೆಯತ್ತ ಹರಿಯುತ್ತದೆ. ನಮ್ಮ ರೈತರು ಬಲ್ಲ ಐ.ಆರ್. 64 ತಳಿಯಲ್ಲಿ ಈ ವಂಶವಾಹಿಯೇ ಇಲ್ಲ. ಇಳುವರಿಯನ್ನೂ ಕಾಳಿನ ಅಂದವನ್ನೂ ಲಕ್ಷಿಸಿ ತಳಿಗಳನ್ನು ತಿದ್ದುತ್ತ ಬಂದ ನಾವು, ಸಸಿಯನ್ನು ಬೇರೆಡೆ ಬೆಳೆಸಿ ನಾಟಿ ಮಾಡುವ ರೂಢಿಯಿದ್ದುದರಿಂದ, ಬೀಜದ ಈ ಗುಣವನ್ನು ಪರೀಕ್ಷಿಸುವ ಅಗತ್ಯವನ್ನೇ ಕಾಣದೆ ಹೋದೆವು.

ಶರ್ಕರ ದೊರೆತಷ್ಟಕ್ಕೆ ಕಷ್ಟ ಮುಗಿಯಲಿಲ್ಲ. ಪ್ರಾಣವಾಯುವಿದ್ದಾಗ ಒಂದು ಅಣು ಗ್ಲೂಕೋಸನ್ನು ಪೂರ್ತಿಯಾಗಿ ದಹಿಸಿ ಕೋಶವು ಶಕ್ತಿವಾಹಕವಾದ ಎ.ಟಿ.ಪಿ.ಯ ಸುಮಾರು 30 ಅಣುಗಳಷ್ಟು ಶಕ್ತಿಯನ್ನು ಪಡೆಯುತ್ತದೆ. ಇಲ್ಲದಾಗ ಸಿಗುವುದು ಎರಡೇ ಎರಡು. ಅಂದರೆ ಅದೇ ಕೆಲಸಕ್ಕೆ ಹದಿನೈದು ಪಾಲು ಹೆಚ್ಚು ಶರ್ಕರವನ್ನು ವ್ಯಯಿಸಬೇಕು. ಆ ಎರಡನ್ನು ಪಡೆಯುವ ಕ್ರಿಯೆ ನಿಲ್ಲದೆ ನಡೆಯಬೇಕಾದರೆ ಅರ್ಧ ಒಡೆದ ಗ್ಲೂಕೋಸಿನ ಶೇಷವನ್ನು ಎಲ್ಲಿಗಾದರೂ ಸಾಗಹಾಕಬೇಕು. ಅದು ಲ್ಯಾಕ್ಟಿಕ್ ಆಮ್ಲವಾಗಿ ಕೂಡಿಕೊಂಡರೆ ಕೋಶದೊಳಗೆ ಹುಳಿ ಏರಿ ಮರಣ ಸಂಭವಿಸುತ್ತದೆ. ಭತ್ತದ ಮೊಳಕೆ ಈ ಮಾರ್ಗವನ್ನು ಬೇಗನೆ ತೊರೆದು, ಶೇಷವನ್ನು ಮದ್ಯಸಾರವಾಗಿ ಪರಿವರ್ತಿಸುತ್ತದೆ. ಮದ್ಯಸಾರವು ಕೋಶದಿಂದ ಸುಲಭವಾಗಿ ಹೊರಕ್ಕೆ ಸೋರಿ ಸುತ್ತಣ ನೀರಿನಲ್ಲಿ ಬೆರೆತುಹೋಗುತ್ತದೆ. ಗೋಣಿಚೀಲದ ಆ ವಾಸನೆಯಲ್ಲಿ ಬೀಜದ ಪಾಲೂ ಇದೆಯೆಂದು ಮೇಲೆ ಹೇಳಿದ್ದು ಇದರಿಂದಲೇ. ಉಪ್ಪುನೀರಿನಲ್ಲಿ ಮುಳುಗಿದ ಗಟ್ಟಿ ಕಾಳನ್ನೇ ಆರಿಸಿಕೊಳ್ಳುವ ನಮ್ಮ ಹಿರಿಯರ ಪದ್ಧತಿಗೂ ಇಲ್ಲಿ ಸಮರ್ಥನೆ ದೊರೆಯುತ್ತದೆ: ಇಷ್ಟು ದುಬಾರಿಯಾದ ಜೀವನವನ್ನು ಕೆಲವು ದಿನ ನಡೆಸಬೇಕಾದ ಬೀಜಕ್ಕೆ ಬುತ್ತಿ ಎಷ್ಟಿದ್ದರೂ ಹೆಚ್ಚಲ್ಲ.

ಇಷ್ಟು ಕಡಿಮೆ ಗಳಿಕೆಯಲ್ಲಿ ಬದುಕುವ ಜೀವಿ ಎಲ್ಲ ಅಂಗಗಳನ್ನೂ ಏಕಕಾಲದಲ್ಲಿ ಬೆಳೆಸಲಾರದು; ಯಾವುದನ್ನು ಬೆಳೆಸಬೇಕು, ಯಾವುದನ್ನು ತಡೆಹಿಡಿಯಬೇಕು ಎಂಬುದನ್ನು ಅದು ನಿಶ್ಚಯಿಸಲೇಬೇಕು. ಗಾಳಿಯಲ್ಲಿ ಮೊಳೆತ ಭತ್ತದಲ್ಲಿ ಬೇರು ಬೇಗನೆ ಇಳಿಯುತ್ತದೆ. ಮೊದಲ ಎಲೆಯನ್ನು ಸುತ್ತಿಕೊಂಡಿರುವ, ಅಂಕುರಕವಚವೆಂಬ ಕೊಳವೆಯಾಕಾರದ ಹೊದಿಕೆಯು ಅತ್ಯಲ್ಪವಾಗಿ ಬೆಳೆದು ನಿಂತು, ಅದನ್ನು ಸೀಳಿಕೊಂಡು ಎಲೆ ಹೊರಬರುತ್ತದೆ. ಪ್ರಾಣವಾಯುವಿಲ್ಲದ ನೀರಿನಲ್ಲಾದರೋ ಈ ಕ್ರಮ ತಿರುವುಮುರುವಾಗುತ್ತದೆ. ಬೇರು ಕಾಣಿಸಿಕೊಳ್ಳುವುದಿಲ್ಲ, ಎಲೆ ಅರಳುವುದಿಲ್ಲ, ಹಸುರು ಬಣ್ಣವೂ ಹುಟ್ಟುವುದಿಲ್ಲ. ಇರುವ ಶಕ್ತಿಯೆಲ್ಲವೂ ಆ ಒಂದು ಅಂಕುರಕವಚಕ್ಕೆ ಸಲ್ಲುತ್ತದೆ. ಅದರಲ್ಲಿಯೂ ಮಿತವ್ಯಯವುಂಟು: ಹೊಸ ಕೋಶಗಳನ್ನು ಹೆಚ್ಚಾಗಿ ಹುಟ್ಟಿಸುವ ಬದಲು ಇದ್ದ ಕೋಶಗಳ ಭಿತ್ತಿಯನ್ನು ಸಡಿಲಿಸಿ, ನೀರು ತುಂಬಿ, ಅವನ್ನೇ ನೀಳವಾಗಿಸುತ್ತದೆ. ಹೀಗೆ ಬೆಳ್ಳಗೆ, ಟೊಳ್ಳಾಗಿ, ದಾರದಂತೆ ತೆಳ್ಳಗಾಗಿ ಕೆಲವು ಸೆಂಟಿಮೀಟರು ಉದ್ದ ಬೆಳೆದ ಆ ಕೊಳವೆಯ ತುದಿ ನೀರಿನ ಮೇಲ್ಮೈಯನ್ನೋ, ಪ್ರಾಣವಾಯು ಹೆಚ್ಚಾಗಿರುವ ಮೇಲಿನ ಪದರವನ್ನೋ ಮುಟ್ಟಿದ ಕ್ಷಣದಿಂದ ಗಾಳಿಯು ಅದರ ಒಳಗಿನ ಅವಕಾಶಗಳ ಮೂಲಕ ಕೆಳಗೆ ಇಳಿದು ಬೀಜವನ್ನು ಸೇರುತ್ತದೆ. ಆಮೇಲೆ ಬೇರು ಹೊರಡುತ್ತದೆ, ಎಲೆ ಹಸುರಾಗುತ್ತದೆ.

ಭತ್ತಕ್ಕೆ ಪ್ರಾಣವಾಯು ಬೇಡವೇ ಬೇಡ ಎಂದು ಕೆಲವರು ಹೇಳುವುದು ಆದುದರಿಂದ ಅತಿಶಯೋಕ್ತಿ. ಪ್ರಾಣವಾಯುವಿನ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುತ್ತ ಭತ್ತದ ಸಸಿಗಳ ಬೆಳವಣಿಗೆಯನ್ನು ಪರಿಶೀಲಿಸಿದ ಅಮೆಡಿಯೊ ಆಲ್ಪಿ, ಹ್ಯಾರಿ ಬೀವರ್ಸ್ ಎಂಬ ವಿದ್ವಾಂಸರ ಬರಹ 1983ರಷ್ಟು ಹಿಂದೆಯೇ ಪ್ರಕಟವಾಗಿದೆ. ಅಲ್ಲಿಂದೀಚೆಗೆ ನಡೆದ ಕೆಲಸವೆಲ್ಲ ತೋರಿಸುವುದೇನೆಂದರೆ, ಈ ಬೀಜ ಪ್ರಾಣವಾಯುವಿಲ್ಲದೆ ಬದುಕು ಸಾಗಿಸುವುದಿಲ್ಲ, ಅದು ಇರುವ ಸ್ಥಳವನ್ನು ತಲಪುವವರೆಗೆ ಸಾಲ ಮಾಡಿ ಬದುಕುತ್ತದೆ, ಅಷ್ಟೆ. ಪಿಷ್ಟ ಮುಗಿಯುವುದರೊಳಗೆ ಕೊಳವೆ ಮೇಲ್ಮೈ ಮುಟ್ಟದಿದ್ದರೆ ಭತ್ತಕ್ಕೂ ಸಾವು ತಪ್ಪದು. ಇದನ್ನು ಮನೆಯಲ್ಲಿಯೇ ನೋಡಬಹುದು. ಕುದಿಸಿ ಆರಿಸಿದ ನೀರನ್ನು, ಕುದಿಯುವಾಗ ಕರಗಿದ ಗಾಳಿ ಹೊರಟುಹೋಗುವುದರಿಂದ, ಗಾಜಿನ ಸೀಸೆಯೊಂದರಲ್ಲಿ ಕಂಠದವರೆಗೆ ತುಂಬಿ, ಹತ್ತಾರು ಭತ್ತದ ಕಾಳುಗಳನ್ನೂ ಹತ್ತಾರು ಗೋಧಿಯ ಕಾಳುಗಳನ್ನೂ ಹಾಕಿ, ಮೇಲೊಂದು ತೆಳುವಾದ ಎಣ್ಣೆಯ ಪದರ ಬಿಟ್ಟು, ಮುಚ್ಚಳ ಬಿಗಿದಿಡಿ. ಇನ್ನಷ್ಟು ಕಾಳುಗಳನ್ನು ಒದ್ದೆಬಟ್ಟೆಯ ಮೇಲೆ ತಟ್ಟೆಯಲ್ಲಿಡಿ. ಒಂದು ವಾರದ ಹೊತ್ತಿಗೆ ತಟ್ಟೆಯ ಭತ್ತ ಬೇರು ಬಿಟ್ಟು ಹಸುರಾಗಿರುತ್ತದೆ, ಸೀಸೆಯ ಭತ್ತ ಬೇರಿಲ್ಲದ ಬಿಳಿಯ ಕೊಳವೆಯನ್ನು ಚಾಚಿರುತ್ತದೆ, ಸೀಸೆಯ ಗೋಧಿ ಮೆತ್ತಗಾಗಿ ಬಿದ್ದಿರುತ್ತದೆ. ಶಾಲೆಯ ಮಕ್ಕಳಿಗೆ ತೋರಿಸಲು ಇದಕ್ಕಿಂತ ಅಗ್ಗದ, ಇದಕ್ಕಿಂತ ಮನಮುಟ್ಟುವ ಪ್ರಯೋಗ ಅಪರೂಪ.

ಬೆಳೆದ ಸಸಿಯ ಮೇಲೆ ನೆರೆ ಬಂದಾಗಿನ ಕಥೆ ಬೇರೆ. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿ ಹರಿಹರದ ಸುತ್ತಿನ ನದಿಬಯಲು ಜಲಮಗ್ನವಾದುದನ್ನು ಆ ಸೀಮೆಯವರು ಮರೆತಿರಲಾರರು. ಹಾಗೆ ಪೂರ್ತಿಯಾಗಿ ಮುಳುಗಿದ ಸಾಮಾನ್ಯ ಭತ್ತದ ಸಸಿ ಮೇಲಕ್ಕೆ ಬರಲು ಆತುರಪಟ್ಟು ಉದ್ದವಾಗಿ, ಇದ್ದ ಶಕ್ತಿಯನ್ನೆಲ್ಲ ಕಳೆದುಕೊಂಡು, ನೀರು ಇಳಿದಾಗ ನೆಲಕ್ಕೊರಗಿ ಸಾಯುತ್ತದೆ. ಒಡಿಶಾದ ಧಲ್‌ಪುಟಿಯಾ ಎಂಬ ನಾಡತಳಿಯಿಂದ ಆಯ್ದ ಎಫ್.ಆರ್.13ಎ ಎಂಬ ಭತ್ತವಾದರೋ ಬೆಳವಣಿಗೆಯನ್ನೇ ನಿಲ್ಲಿಸಿ, ಶಕ್ತಿಯನ್ನು ಕಾಪಿಟ್ಟುಕೊಂಡು, ಸುಮಾರು ಎರಡು ವಾರ ತಾಳಿಕೊಳ್ಳುತ್ತದೆ. ಅದಕ್ಕೆ ಕಾರಣವಾದ ಸಬ್1ಎ ವಂಶವಾಹಿಯ ಗುರುತು ಸಿಕ್ಕಿದ್ದು 2006ರಲ್ಲಿ, ಅದನ್ನು ಹೊಂದಿದ ಸ್ವರ್ಣ-ಸಬ್1 ತಳಿ ಭಾರತದಲ್ಲಿ ಬಿಡುಗಡೆಯಾದದ್ದು 2009ರಲ್ಲಿ. ಬೀಜಾವಸ್ಥೆಯಲ್ಲಿ ಧಾವಿಸುವವನು ಬದುಕುತ್ತಾನೆ, ಸಸಿಯಾದ ಮೇಲೆ ತಾಳಿದವನು ಬದುಕುತ್ತಾನೆ. ಒಂದೇ ಬೆಳೆಯಲ್ಲಿ ಎರಡು ವಯಸ್ಸಿಗೆ ಎರಡು ವಿರುದ್ಧ ಧರ್ಮಗಳು. ಸಬ್1 ಇದ್ದ ಮಾತ್ರಕ್ಕೆ ಬೀಜ ನೀರಿನಡಿಯಲ್ಲಿ ಮೊಳೆತೀತೆಂದು ನಂಬುವಂತಿಲ್ಲ. ನಮ್ಮ ನಾಡಿನಲ್ಲಿಯೂ ಇಂಥ ಸಂಪತ್ತಿಗೆ ಕೊರತೆಯಿಲ್ಲ: ಮಲೆನಾಡಿನ ತಗ್ಗುಗದ್ದೆಗಳ ನೆರೆಗುಳಿ, ಕುಮಟಾದ ಬಳಿ ಅಘನಾಶಿನಿಯ ಅಳಿವೆ ಪ್ರದೇಶದಲ್ಲಿ ಉಪ್ಪುನೀರನ್ನೂ ಮುಳುಗಡೆಯನ್ನೂ ಒಟ್ಟಿಗೆ ಸಹಿಸುವ ಕಗ್ಗ, ಇವು ತಲೆತಲಾಂತರದಿಂದ ರೈತರು ಕಾಪಾಡಿಕೊಂಡು ಬಂದ ತಳಿಗಳು.

ದಾವಣಗೆರೆ ಹರಿಹರಗಳವರಿಗೆ ಈ ವಿದ್ಯೆ ಇಂದು ಏಕೆ ಬೇಕು? ಲಕ್ಕವಳ್ಳಿಯ ಭದ್ರಾ ಜಲಾಶಯದ 186 ಅಡಿಯ ಮಟ್ಟ ತುಂಬಿತೋ ಇಲ್ಲವೋ ಎಂಬುದರ ಮೇಲೆ ಇಲ್ಲಿಯ ಗದ್ದೆಗಳ ಭಾಗ್ಯ ನಿಂತಿದೆ. 2023ರ ಮಳೆಗಾಲದಂತೆ ಮಳೆ ಕೈಕೊಟ್ಟರೆ ನಾಲೆಯಲ್ಲಿ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಆನ್ ಅಂಡ್ ಆಫ್ ಪದ್ಧತಿ ಬರುತ್ತದೆ, ಕೊನೆಯ ಭಾಗವಾದ ಮಲೇಬೆನ್ನೂರಿನ ಕಡೆಗೆ ನೀರು ತಲಪುವುದು ತಡವಾಗುತ್ತದೆ, ಸಸಿ ಮುದಿಯಾಗುತ್ತದೆ, ನೀರು ಬಂದ ದಿನವೇ ಎಲ್ಲರಿಗೂ ನಾಟಿಯ ಆಳು ಬೇಕಾಗಿ ಕೂಲಿ ಏರುತ್ತದೆ. ಇದರಿಂದ ಸಸಿಮಡಿಯನ್ನೂ ನಾಟಿಯನ್ನೂ ಬಿಟ್ಟು ಮೊಳಕೆ ಕಟ್ಟಿದ ಭತ್ತವನ್ನು ಡ್ರಮ್ ಸೀಡರಿನಿಂದ ನೇರವಾಗಿ ಕೆಸರಿಗೆ ಬಿತ್ತುವ ಪದ್ಧತಿಯತ್ತ ಅನೇಕರ ಮನಸ್ಸು ಒಲಿದಿದೆ. ಅದರಲ್ಲಿ ಕಷ್ಟಗಳೆರಡು. ಬಿತ್ತಿದ ಮರುದಿನ ಜೋರು ಮಳೆ ಬಿದ್ದರೆ ತಗ್ಗಿನ ಜಾಗದಲ್ಲಿ ನೀರು ನಿಂತು ಸಸಿ ಏಳುವುದಿಲ್ಲ. ಮಳೆಯಾಗದಿದ್ದರೆ, ನೀರು ನಿಲ್ಲಿಸದ ಗದ್ದೆಯಲ್ಲಿ ಕಳೆ ಭತ್ತಕ್ಕಿಂತ ಮೊದಲೇ ಎದ್ದು ನಿಲ್ಲುತ್ತದೆ. ನೀರಿನಡಿಯಲ್ಲಿ ಮೊಳೆಯಬಲ್ಲ ತಳಿ ಕೈಗೆ ಬಂದರೆ ಬಿತ್ತಿದ ಕೂಡಲೇ ನೀರು ನಿಲ್ಲಿಸಬಹುದು. ಆ ನೀರೇ ಬಹುಪಾಲು ಕಳೆಯನ್ನು ಅಡಗಿಸುತ್ತದೆ, ಕಳೆನಾಶಕದ ಖರ್ಚು ಇಳಿಯುತ್ತದೆ. ಎಲ್ಲ ಕಳೆಯನ್ನೂ ಅಡಗಿಸೀತೆಂದು ಮಾತ್ರ ನಾನು ಹೇಳಲಾರೆ. ಭತ್ತದ ಗದ್ದೆಯಲ್ಲಿ ಭತ್ತದಂತೆಯೇ ಕಾಣುವ, ಊದಲಿನ ಜಾತಿಗೆ ಸೇರಿದ ಕಳೆಹುಲ್ಲು ಕೂಡ ಪ್ರಾಣವಾಯುವಿಲ್ಲದೆ ಮೊಳೆಯಬಲ್ಲುದೆಂದು 1980ರಲ್ಲಿಯೇ ಗೊತ್ತಾಗಿದೆ. ಅದನ್ನು ಕೈಯಿಂದ ಕೀಳುವುದು ತಪ್ಪದು.

ತಳಿ ಬರುವವರೆಗೆ ರೈತರು ಮಾಡಬಹುದಾದದ್ದು ಸ್ವಲ್ಪವೇನೂ ಅಲ್ಲ. ನೇರ ಬಿತ್ತನೆಯ ಗದ್ದೆಯನ್ನು ಎಷ್ಟು ಸಾಧ್ಯವೋ ಅಷ್ಟು ಸಮ ಮಾಡಿರಿ. ಕೆಸರು ತಿಳಿಯಾಗಿ ಕೂತ ಮೇಲೆ ಬೀಜ ಮೇಲ್ಪದರದಲ್ಲಿಯೇ ಉಳಿಯುವಂತೆ ಬಿತ್ತಿರಿ. ಮೊದಲ ವಾರ ಮಳೆ ಬಂದರೆ ನೀರು ಹೊರಹೋಗಲು ಬದುವಿನಲ್ಲಿ ಬಾಯಿ ಬಿಟ್ಟಿರಿ. ಜೊಳ್ಳು ತೆಗೆಯದ ಬೀಜವನ್ನು ಬಿತ್ತಬೇಡಿರಿ. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಸಂಶೋಧನಾ ಕೇಂದ್ರದವರಲ್ಲಿಯೂ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರಲ್ಲಿಯೂ ನನ್ನದೊಂದು ಬಿನ್ನಹ: ಭದ್ರಾ ಅಚ್ಚುಕಟ್ಟಿನಲ್ಲಿ ಈಗ ಬೆಳೆಯುತ್ತಿರುವ ಒಂದೊಂದು ತಳಿಯ ಬೀಜವನ್ನೂ, ಅವುಗಳ ಜೊತೆಗೆ ನೆರೆಗುಳಿ ಕಗ್ಗಗಳಂಥ ನಾಡತಳಿಗಳನ್ನೂ, ನಾಲ್ಕು ಬೆರಳು ನೀರಿನಡಿಯಲ್ಲಿ ಬಿತ್ತಿ, ಎಷ್ಟು ಕಾಳು ಮೇಲೆದ್ದು ಬಂದವೆಂಬುದನ್ನು ಎಣಿಸಿ, ಆ ಲೆಕ್ಕವನ್ನು ಬಿತ್ತನೆಯ ಕಾಲಕ್ಕೆ ಮೊದಲೇ ರೈತರ ಕೈಗೆ ಮುಟ್ಟಿಸಬೇಕು. ಅದಕ್ಕೆ ಬೇಕಾದದ್ದು ಕೆಲವು ತೊಟ್ಟಿಗಳು, ಒಂದಿಷ್ಟು ಮಣ್ಣು ಮತ್ತು ಮೂರು ವಾರದ ಕಾಲ.